ಊರಿನ ಹಳೆ ಶಾಲಾ ಕಟ್ಟಡವನ್ನು ಮತ್ತೆ ಬಳಕೆಗೆ ತರುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಹಳೆ ವಿದ್ಯಾರ್ಥಿಗಳ ಸಂಘದವರು, ಪಂಚಾಯಿತಿ ಸದಸ್ಯರು, ಮೇಷ್ಟ್ರುಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಶಾಲೆಗೆ ನೂರು ವರ್ಷ ತುಂಬಿದೆ. ಮಕ್ಕಳು ಪಕ್ಕದ ಆರ್‌ಸಿಸಿ ಕಟ್ಟಡಕ್ಕೆ ಹೋಗಿದ್ದಾರೆ. ಹಳೆ ಹೆಂಚಿನ ಕಟ್ಟಡಕ್ಕೆ ಬೀಗ ಬಿದ್ದಿದೆ. ಅದನ್ನು ಗ್ರಂಥಾಲಯವೋ, ಊರಿನ ಸಭಾಂಗಣವೋ ಮಾಡಬಹುದಾ? ಯಾರನ್ನು ಕೇಳಬೇಕು, ಎಲ್ಲಿಂದ ಶುರು ಮಾಡಬೇಕು?

ಖಂಡಿತ ಮಾಡಬಹುದು. ಆದರೆ ಒಂದು ಮಾತನ್ನು ಮೊದಲೇ ಹೇಳಬೇಕು. ಇಂಥ ಕಟ್ಟಡಗಳನ್ನು ಮಳೆಗಿಂತ ಜಾಸ್ತಿ ಹಾಳು ಮಾಡಿರುವುದು ಒಳ್ಳೆ ಮನಸ್ಸಿನಿಂದ ಮಾಡಿದ ತಪ್ಪು ರಿಪೇರಿ. ಸಿಮೆಂಟ್ ಗಿಲಾವು, ತಗಡಿನ ಶೀಟು, ಅಂಗಳಕ್ಕೆಲ್ಲ ಕಾಂಕ್ರೀಟು. ಮಾಡಿದವರು ಕಟ್ಟಡ ಉಳಿಯಲಿ ಅಂತಲೇ ಮಾಡಿದ್ದಾರೆ. ಹಾಗಾಗಿ ಈ ಲೇಖನದಲ್ಲಿ ಏನು ಮಾಡಬೇಕು ಎನ್ನುವಷ್ಟೇ ಏನು ಮಾಡಬಾರದು ಎಂಬುದೂ ಇದೆ.

ಇಲ್ಲಿ ಹೇಳುವುದು ಮುಖ್ಯವಾಗಿ ಕರ್ನಾಟಕದ ಹಳೆ ಸರ್ಕಾರಿ ಶಾಲೆಗಳ ಬಗ್ಗೆ. ದಪ್ಪ ಗೋಡೆಗಳೇ ಭಾರ ಹೊರುವ ಕಟ್ಟಡಗಳು. ಕರಾವಳಿಯಲ್ಲಿ ಮುರಕಲ್ಲಿನ ಗೋಡೆ, ಬಯಲುಸೀಮೆಯಲ್ಲಿ ಕಲ್ಲು ಅಥವಾ ಇಟ್ಟಿಗೆ ಗೋಡೆ. ಮೇಲೆ ಮಂಗಳೂರು ಹೆಂಚು, ಇಲ್ಲವೇ ಮದ್ರಾಸ್ ತಾರಸಿ. ಮದ್ರಾಸ್ ತಾರಸಿ ಅಂದರೆ ಮರದ ಜಂತೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ, ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಗಾರೆ ಬಡಿದು ಮಾಡಿದ ಚಪ್ಪಟೆ ಮಾಳಿಗೆ.

ಶುರು ಮಾಡುವ ಮುನ್ನ ಬೇಕಾದ್ದು

ಜಾಗದ ಕಾಗದಪತ್ರ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಠರಾವು. ಹಳೆ ಕಟ್ಟಡಗಳಲ್ಲಿ ಕೆಲಸ ಮಾಡಿದ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್. ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿ, ಮಾಡಿನ, ಅಂದರೆ ಚಾವಣಿಯ ಕೆಲಸ ಗೊತ್ತಿರುವ ಆಚಾರಿ. ಇವೆಲ್ಲಕ್ಕಿಂತ ಮುಖ್ಯವಾಗಿ ಸಮಯ. ಕಟ್ಟಡವನ್ನು ನೋಡಿ ತಿಳಿಯಲು ಒಂದು ಮಳೆಗಾಲ, ಕೆಲಸಕ್ಕೆ ಆಮೇಲಿನ ಒಂದು ಬೇಸಿಗೆ. ‘ಶತಮಾನೋತ್ಸವ ಮೂರು ತಿಂಗಳಲ್ಲಿದೆ, ಅಷ್ಟರೊಳಗೆ ಮುಗಿಸಬೇಕು’ ಅಂತ ಹೊರಟರೆ ಕೊನೆಗೆ ಬಣ್ಣ ಬಳಿದು ಫೋಟೊ ತೆಗೆಸುವುದಷ್ಟೇ ಆಗುತ್ತದೆ. ಉತ್ಸವದ ದಿನ ಕೆಲಸ ಆರಂಭಿಸಿ, ಮುಗಿಸುವ ಗಡುವು ಬೇರೆ ಇಟ್ಟುಕೊಳ್ಳಿ.

ಹಂತ 1: ಜಾಗ ಯಾರದು, ಕಟ್ಟಡ ಯಾರದು?

ಬೇಸರದ ಕೆಲಸ, ಆದರೆ ಇದೇ ಮೊದಲು. ನೂರು ವರ್ಷದ ಹಿಂದೆ ಊರಿನ ಹಿರಿಯರು ಬಾಯಿಮಾತಿನಲ್ಲೇ ಜಾಗ ಕೊಟ್ಟ ಶಾಲೆಗಳು ಎಷ್ಟೋ ಇವೆ. ದಾನಪತ್ರ ನೋಂದಣಿ ಆಗಿರುವುದಿಲ್ಲ. ಪಹಣಿಯಲ್ಲಿ ಈಗಲೂ ದಾನಿಯ ಹೆಸರೇ ಇರುತ್ತದೆ. ಕಟ್ಟಡ ಬೀಗ ಹಾಕಿಕೊಂಡು ನಿಂತಿರುವಷ್ಟು ದಿನ ಯಾರೂ ಮಾತಾಡುವುದಿಲ್ಲ. ನೀವು ಹಣ ತಂದು ಕೆಲಸ ಶುರು ಮಾಡಿದ ದಿನವೇ ತಕರಾರು ಬರುತ್ತದೆ.

ಪಹಣಿ ತೆಗೆಸಿ. ಗ್ರಾಮ ಠಾಣೆ, ಅಂದರೆ ಊರಿನ ಮನೆಗಳಿರುವ ಪ್ರದೇಶದೊಳಗಿದ್ದರೆ ಪಂಚಾಯಿತಿಯಲ್ಲಿ ಇ-ಸ್ವತ್ತು ದಾಖಲೆ ನೋಡಿ. ತಾಲ್ಲೂಕು ಸರ್ವೆ ಕಚೇರಿಯಿಂದ ಹದ್ದುಬಸ್ತು, ಅಂದರೆ ಜಾಗದ ಗಡಿ ಅಳತೆ ಮಾಡಿಸಿ. ಜಾಗ ಇನ್ನೂ ಖಾಸಗಿ ಹೆಸರಲ್ಲಿದ್ದರೆ ದಾನಿಯ ಮನೆಯವರನ್ನು ಗೌರವದಿಂದ ಕಂಡು, ಶಾಲೆಯ ಹೆಸರಿಗೆ ದಾನಪತ್ರ ನೋಂದಣಿ ಮಾಡಿಸಿಕೊಳ್ಳಿ. ಅವರ ಹಿರಿಯರ ಹೆಸರು ಕಟ್ಟಡದಲ್ಲಿ ಉಳಿಯುತ್ತದೆ ಅಂತ ಬರೆದುಕೊಡಿ. ಅದು ಅವರಿಗೆ ಸಲ್ಲಬೇಕಾದ್ದೇ ಅಲ್ವಾ?

ದಾಖಲೆ ಎಲ್ಲಿ ಹುಡುಕಬೇಕು ಎಂಬುದು ಊರಿನ ಮೇಲೆ ಹೋಗುತ್ತದೆ. ಮೈಸೂರು ಸಂಸ್ಥಾನದ ಶಾಲೆಗಳ ಕಡತ ಕನ್ನಡ, ಇಂಗ್ಲಿಷಿನಲ್ಲಿ ಸಿಗಬಹುದು. ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಮುಂಬೈ ಪ್ರಾಂತ್ಯದ ಕಾಲದ ಕಾಗದ ಮರಾಠಿಯಲ್ಲಿ, ಕೆಲವೊಮ್ಮೆ ಮರಾಠಿಯ ಹಳೆ ಕೂಡುಬರಹವಾದ ಮೋಡಿ ಲಿಪಿಯಲ್ಲಿರುತ್ತದೆ. ಕಲಬುರಗಿ, ಬೀದರ್, ರಾಯಚೂರಿನಲ್ಲಿ ನಿಜಾಮರ ಕಾಲದ ದಾಖಲೆ ಉರ್ದುವಿನಲ್ಲಿ. ದಕ್ಷಿಣ ಕನ್ನಡ, ಉಡುಪಿ ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಅಲ್ಲಿ ಈಗಲೂ ‘ಬೋರ್ಡ್ ಶಾಲೆ’ ಅಂತ ಕರೆಯುವ ಕಟ್ಟಡಗಳು ಜಿಲ್ಲಾ ಬೋರ್ಡ್, ತಾಲ್ಲೂಕು ಬೋರ್ಡುಗಳಿಗೆ ಸೇರಿದ್ದವು. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲೂ ಹುಡುಕಿ. ಶಾಲೆಯಲ್ಲೇ ಇರುವ ಹಳೆ ದಾಖಲಾತಿ ಪುಸ್ತಕವನ್ನು ಮಾತ್ರ ಮರೆಯಬೇಡಿ. ಮೊದಲ ಪುಟದ ದಿನಾಂಕವೇ ಎಷ್ಟೋ ಸಲ ಶಾಲೆಯ ವಯಸ್ಸಿಗೆ ಇರುವ ಒಂದೇ ಸಾಕ್ಷಿ. ಅದನ್ನು ಸ್ಕ್ಯಾನ್ ಮಾಡಿಸಿ, ಮೂಲ ಪ್ರತಿಯನ್ನು ಮುಖ್ಯ ಶಿಕ್ಷಕರ ವಶಕ್ಕೇ ಬಿಡಿ.

ಹಂತ 2: ಅನುಮತಿ

ಕಟ್ಟಡ ಖಾಲಿ ಇದ್ದರೂ ಅದು ಶಾಲಾ ಶಿಕ್ಷಣ ಇಲಾಖೆಯ ಆಸ್ತಿ. ಎಸ್‌ಡಿಎಂಸಿ ಠರಾವು, ಗ್ರಾಮ ಪಂಚಾಯಿತಿ ಠರಾವು ಎರಡನ್ನೂ ಸೇರಿಸಿ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಮೂಲಕ ಡಿಡಿಪಿಐ, ಅಂದರೆ ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರಿಗೆ ಅರ್ಜಿ ಹಾಕಿ. ಅರ್ಜಿಯಲ್ಲಿ ಮೂರು ವಿಷಯ ಸ್ಪಷ್ಟವಾಗಿರಲಿ: ಕಟ್ಟಡದ ಒಡೆತನ ಇಲಾಖೆಯದ್ದೇ ಆಗಿರುತ್ತದೆ, ಬಳಕೆ ಯಾವುದು, ನಿರ್ವಹಣೆ ಯಾರದ್ದು. ಅನುಮತಿ ಲಿಖಿತವಾಗಿ ಬರಲಿ. ‘ಸಾಹೇಬ್ರು ಹೂಂ ಅಂದಿದ್ದಾರೆ’ ಎನ್ನುವುದು ಅನುಮತಿ ಅಲ್ಲ. ಅವರಿಗೆ ವರ್ಗಾವಣೆ ಆದ ದಿನ ಆ ಮಾತೂ ಅವರ ಜೊತೆ ಹೋಗುತ್ತದೆ.

ಹತ್ತಿರದಲ್ಲಿ ಕೇಂದ್ರದ ಪುರಾತತ್ವ ಸರ್ವೇಕ್ಷಣೆ ಸಂರಕ್ಷಿಸಿರುವ ಸ್ಮಾರಕ ಇದೆಯಾ ನೋಡಿ. ಬಾದಾಮಿ, ಶ್ರೀರಂಗಪಟ್ಟಣ, ವಿಜಯಪುರದಂಥ ಊರುಗಳಲ್ಲಿ ಇದು ಮುಖ್ಯ. ಅಂಥ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಹಳೆ ಕಟ್ಟಡದ ರಿಪೇರಿಗೂ ಮುಂಚಿತ ಅನುಮತಿ ಬೇಕು. ಹಂಪಿ ಸುತ್ತಮುತ್ತ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವನ್ನೂ ಕೇಳಬೇಕು. ಇಂಥ ತೊಡಕು ಇಲ್ಲದ ಊರಲ್ಲೂ ಮೈಸೂರಿನಲ್ಲಿ ಕೇಂದ್ರ ಕಚೇರಿ ಇರುವ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಒಂದು ಪತ್ರ ಬರೆಯಿರಿ. ಅವರ ಸಲಹೆ ಕಡತದಲ್ಲಿದ್ದರೆ ಮುಂದೆ ಎಂಜಿನಿಯರ್‌ಗಳ ಜೊತೆ ಮಾತಾಡುವುದು ಸುಲಭ.

ಇಲ್ಲೊಂದು ದೊಡ್ಡ ಗುಂಡಿ ಇದೆ, ಎಚ್ಚರ. ಹಣ ಬೇಗ ಸಿಗಲಿ ಅಂತ ಕೆಲವರು ಕಟ್ಟಡವನ್ನು ‘ಶಿಥಿಲ’ ಎಂದು ಬರೆಸಿಕೊಳ್ಳುತ್ತಾರೆ. ಆ ಪತ್ರ ಒಮ್ಮೆ ಕಡತಕ್ಕೆ ಸೇರಿದರೆ ಮುಂದಿನ ದಾರಿ ಸಾಮಾನ್ಯವಾಗಿ ನೆಲಸಮ, ಮರ ಮತ್ತು ಹೆಂಚಿನ ಹರಾಜು. ‘ರಿಪೇರಿ ಅಗತ್ಯ, ಬಳಕೆಗೆ ತರಲು ಸಾಧ್ಯ’ ಎಂಬ ವರದಿ ಬೇಕು, ಅದನ್ನೇ ಕೇಳಿ. ಇಲಾಖೆಯ ಎಂಜಿನಿಯರ್ ಶಿಥಿಲ ಅಂದರೆ ಹಳೆ ಕಟ್ಟಡಗಳ ಅನುಭವ ಇರುವ ಇನ್ನೊಬ್ಬ ಎಂಜಿನಿಯರ್ ವರದಿ ತರಿಸಿ. ಪಾರಂಪರಿಕ ಕಟ್ಟಡಗಳ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಸ್ಥಳೀಯ ಘಟಕಗಳಲ್ಲಿ ಇಂಥವರ ಪರಿಚಯ ಸಿಗುತ್ತದೆ.

ಹಂತ 3: ಅಳೆಯಿರಿ, ಫೋಟೊ ತೆಗೆಯಿರಿ, ಒಂದು ಮಳೆಗಾಲ ನೋಡಿ

ಯಾವುದನ್ನೂ ಮುಟ್ಟುವ ಮುನ್ನ ಕಟ್ಟಡದ ನಕ್ಷೆ ಬರೆಸಿ. ಪ್ರತಿ ಗೋಡೆ, ಪ್ರತಿ ಬಾಗಿಲು, ಪ್ರತಿ ತೊಲೆಗೆ ಒಂದು ನಂಬರ್ ಕೊಡಿ. ಹತ್ತಿರದಲ್ಲಿ ಆರ್ಕಿಟೆಕ್ಚರ್ ಕಾಲೇಜಿದ್ದರೆ ವಿದ್ಯಾರ್ಥಿಗಳು ಅಳತೆ ಕೆಲಸವನ್ನು ಖುಷಿಯಿಂದ ಮಾಡಿಕೊಡುತ್ತಾರೆ. ಗೋಡೆಯಲ್ಲಿ ಬಳಿದ ಹಳೆ ಕಪ್ಪು ಹಲಗೆ, ಬಾಗಿಲ ಮೇಲಿನ ಅಕ್ಷರ, ಹೆಂಚಿನ ಹಿಂಭಾಗದ ಕಾರ್ಖಾನೆ ಮುದ್ರೆ ಎಲ್ಲದರ ಫೋಟೊ ಇರಲಿ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆಮೇಲೆ ಬೇರೆ ಬೇರೆ ಕಾರ್ಖಾನೆಗಳು ಬಂದವು. ಈ ಮುದ್ರೆ ಮುಂದೆ ಕೆಲಸಕ್ಕೆ ಬರುತ್ತದೆ, ಯಾಕೆ ಅಂತ ಹಂತ 7ರಲ್ಲಿ ಹೇಳಿದ್ದೇನೆ.

ಬಿರುಕುಗಳನ್ನು ಕಂಡ ಕೂಡಲೇ ಮುಚ್ಚಬೇಡಿ. ಬಿರುಕಿನ ಎರಡೂ ಬದಿಗೆ ಅಂಟುವಂತೆ ತೆಳು ಗಾಜಿನ ಪಟ್ಟಿ ಕೂರಿಸಿ, ಪಕ್ಕದಲ್ಲಿ ದಿನಾಂಕ ಬರೆಯಿರಿ. ಮಳೆಗಾಲ ಮುಗಿದಾಗ ಗಾಜು ಹಾಗೇ ಇದ್ದರೆ ಅದು ಎಂದೋ ಬಿಟ್ಟ ಹಳೆ ಬಿರುಕು, ತುಂಬಿದರೆ ಸಾಕು. ಗಾಜು ಒಡೆದಿದ್ದರೆ ಗೋಡೆ ಈಗಲೂ ಚಲಿಸುತ್ತಿದೆ. ಆಗ ಪಾಯ, ಮಾಡಿನ ತಳ್ಳು, ಹತ್ತಿರದ ಮರದ ಬೇರು, ಇವುಗಳಲ್ಲಿ ಯಾವುದು ಕಾರಣ ಅಂತ ಎಂಜಿನಿಯರ್ ಹೇಳಬೇಕು.

ಜೋರು ಮಳೆ ಬರುವಾಗ ಒಳಗೆ ಹೋಗಿ ಎಲ್ಲಿ ಸೋರುತ್ತದೆ ಅಂತ ನಕ್ಷೆಯ ಮೇಲೆ ಗುರುತು ಹಾಕಿ. ಹೋಗುವ ಮೊದಲು ಒಳಗೆ ಹೋಗಬಹುದಾ ಎಂದು ಎಂಜಿನಿಯರ್ ಹತ್ತಿರ ಖಚಿತ ಮಾಡಿಕೊಳ್ಳಿ. 2022ರ ಅಕ್ಟೋಬರ್‌ನಲ್ಲಿ ಮೈಸೂರಿನ ಮಹಾರಾಣಿ ಮಹಿಳಾ ವಿಜ್ಞಾನ ಕಾಲೇಜಿನ ಹಳೆ ಕಟ್ಟಡದ ಒಂದು ಭಾಗ ಮಳೆಯ ದಿನಗಳಲ್ಲೇ ಕುಸಿಯಿತು. ಆ ಭಾಗವನ್ನು ಮೊದಲೇ ಖಾಲಿ ಮಾಡಿಸಿದ್ದರಿಂದ ಜೀವಹಾನಿ ಆಗಲಿಲ್ಲ. ದಪ್ಪ ಗೋಡೆ ಇದೆ, ಏನೂ ಆಗಲ್ಲ ಎಂಬ ಧೈರ್ಯ ಬೇಡ. ಒಳಗೆ ನೀರು ಕುಡಿದ ದಪ್ಪ ಗೋಡೆಯ ಭಾರವೂ ಜಾಸ್ತಿ.

ಹಂತ 4: ಕಟ್ಟಡಕ್ಕೆ ತಕ್ಕ ಬಳಕೆ ಆರಿಸಿ

ಎಲ್ಲಕ್ಕಿಂತ ಜಾಸ್ತಿ ಯೋಚಿಸಬೇಕಾದ ಹಂತ ಇದು. ಊರವರಿಗೆ ಕಲ್ಯಾಣ ಮಂಟಪ ಬೇಕು ಅನಿಸಬಹುದು. ಆದರೆ ಶಾಲೆಯ ಕೋಣೆಗಳು ಸಾಲಾಗಿರುತ್ತವೆ, ನಡುವೆ ಭಾರ ಹೊರುವ ಗೋಡೆ ಇರುತ್ತದೆ. ಹಾಲ್ ಮಾಡಲು ಆ ಗೋಡೆ ಒಡೆದರೆ ಮೇಲಿನ ಮಾಡು ಕೂರುವುದಕ್ಕೇ ಜಾಗ ಇರುವುದಿಲ್ಲ. ಕೋಣೆಗಳನ್ನು ಕೋಣೆಗಳಾಗಿಯೇ ಬಳಸುವ ಕೆಲಸ ಹುಡುಕಿ: ಓದುವ ಮನೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಕೋಣೆ, ಮಹಿಳಾ ಸಂಘಗಳ ಸಭೆ, ಸಂಗೀತ ಅಥವಾ ಯಕ್ಷಗಾನ ತರಗತಿ, ಊರಿನ ಹಳೆ ವಸ್ತು ಮತ್ತು ಫೋಟೊಗಳ ಸಂಗ್ರಹ. ಉದ್ದನೆಯ ಜಗಲಿ ಇದ್ದರೆ ಅದೇ ಹಿರಿಯರು ಪೇಪರ್ ಓದುವ ಜಾಗ.

ಗ್ರಂಥಾಲಯ ಎಂದರೆ ಒಂದು ಒಳ್ಳೆ ಅನುಕೂಲ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ ಎಂಬ ಹೆಸರಿನಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೆಳಗಿವೆ. ಪುಸ್ತಕ, ಮೇಲ್ವಿಚಾರಕರು, ವಿದ್ಯುತ್ ಬಿಲ್ಲಿಗೆ ಒಂದು ವ್ಯವಸ್ಥೆ ಆಗಲೇ ಇದೆ. ನಿಮ್ಮೂರಿನ ಅರಿವು ಕೇಂದ್ರ ಇಕ್ಕಟ್ಟಾದ ಕೋಣೆಯಲ್ಲಿದ್ದರೆ ಅದನ್ನೇ ಇಲ್ಲಿಗೆ ತರುವ ಬಗ್ಗೆ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಹತ್ತಿರ ಮಾತಾಡಿ. ಹೊಸ ಗ್ರಂಥಾಲಯ ತೆರೆದು ನಡೆಸಲಾಗದೆ ಮುಚ್ಚುವುದಕ್ಕಿಂತ ಇದು ಎಷ್ಟೋ ಮೇಲು.

ಆದರೆ ಪುಸ್ತಕ ಭಾರ. ಐಎಸ್ 875 ಮಾನದಂಡದ ಪ್ರಕಾರ ತರಗತಿ ಕೋಣೆಯ ನೆಲಕ್ಕೆ ಚದರ ಮೀಟರಿಗೆ 3 ಕಿಲೋನ್ಯೂಟನ್, ಅಂದರೆ ಸುಮಾರು 300 ಕಿಲೋ ಭಾರ ಲೆಕ್ಕ ಹಾಕುತ್ತಾರೆ. ಪುಸ್ತಕದ ಕಪಾಟುಗಳನ್ನು ಒತ್ತಾಗಿ ಜೋಡಿಸುವ ಕೋಣೆಗೆ ಅದರ ಎರಡರಷ್ಟು, 6 ಕಿಲೋನ್ಯೂಟನ್. ನೆಲ ಮಹಡಿಯಲ್ಲಿ ಚಿಂತೆ ಇಲ್ಲ. ಮರದ ಜಂತೆಯ ಮೇಲಿನ ಮೊದಲ ಮಹಡಿಯಲ್ಲಿ ಕಪಾಟು ಇಡುವ ಆಸೆ ಬಿಟ್ಟುಬಿಡಿ.

ಅದೇ ಆವರಣದಲ್ಲಿ ಶಾಲೆ ನಡೆಯುತ್ತಿದ್ದರೆ ಮಕ್ಕಳ ಸುರಕ್ಷತೆ ಮೊದಲು. ಹಳೆ ಕಟ್ಟಡಕ್ಕೆ ರಸ್ತೆ ಕಡೆಯಿಂದ ಬೇರೆ ಗೇಟು, ನಡುವೆ ಬೇಲಿ, ಶಾಲೆ ಅವಧಿಯಲ್ಲಿ ಮೈಕು ಇಲ್ಲ. ಇದನ್ನು ಠರಾವಿನಲ್ಲೇ ಬರೆಯಿರಿ. ಇದು ಆಗದಿದ್ದರೆ ಸಾರ್ವಜನಿಕ ಬಳಕೆಯನ್ನು ಶಾಲೆ ಬಿಟ್ಟ ಮೇಲಿನ ಸಮಯಕ್ಕೆ ಮತ್ತು ರಜೆ ದಿನಗಳಿಗೆ ಸೀಮಿತ ಮಾಡಿ.

ಹಂತ 5: ಅಂದಾಜುಪಟ್ಟಿ ಮತ್ತು ಹಣ

ಇಲಾಖೆಯ ಅಂದಾಜುಪಟ್ಟಿ ಎಸ್‌ಆರ್ ಮೇಲೆ ನಿಂತಿರುತ್ತದೆ. ಎಸ್‌ಆರ್ ಅಂದರೆ ಯಾವ ಕೆಲಸಕ್ಕೆ ಎಷ್ಟು ದರ ಎಂಬ ಸರ್ಕಾರಿ ಪಟ್ಟಿ. ಅರೆದ ಸುಣ್ಣದ ಗಿಲಾವು, ಕೊಳೆತ ತೊಲೆಯ ತುದಿಗೆ ಹೊಸ ಮರ ಜೋಡಿಸುವುದು, ಇಂಥ ಕೆಲಸಕ್ಕೆ ಪಟ್ಟಿಯಲ್ಲಿ ನೇರ ದರ ಸಿಗದೇ ಇರಬಹುದು. ಆಗ ಜೂನಿಯರ್ ಎಂಜಿನಿಯರ್‌ಗೆ ಸುಲಭದ ದಾರಿ ಅಂದರೆ ಅದೇ ಜಾಗದಲ್ಲಿ ಸಿಮೆಂಟ್ ಗಿಲಾವು ಬರೆಯುವುದು. ಅಲ್ಲೇ ಕಟ್ಟಡದ ಕಥೆ ತಪ್ಪುತ್ತದೆ. ಅಂಥ ಕೆಲಸಗಳಿಗೆ ಬೇರೆಯಾಗಿ ದರ ವಿಶ್ಲೇಷಣೆ ಮಾಡಿಸಿ: ಸುಣ್ಣ ಎಷ್ಟು, ಮರಳು ಎಷ್ಟು, ಆಳು ಎಷ್ಟು. ಅದಕ್ಕೆ ಮೇಲಧಿಕಾರಿಯ ಒಪ್ಪಿಗೆ ಪಡೆಯಿರಿ. ಸ್ವಲ್ಪ ತಡ ಆಗುತ್ತದೆ, ಆದರೆ ಈ ತಡಕ್ಕೆ ಬೆಲೆ ಇದೆ.

ಹಣದ ದಾರಿಗಳು ಹಲವು. ಶಾಸಕರ, ಸಂಸದರ ನಿಧಿ, ಪಂಚಾಯಿತಿ ಅನುದಾನ, ಕಲ್ಯಾಣ ಕರ್ನಾಟಕದಲ್ಲಿ ಪ್ರದೇಶಾಭಿವೃದ್ಧಿ ಮಂಡಳಿ. ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಹಣವನ್ನೂ ಕೇಳಬಹುದು. 2013ರ ಕಂಪನಿ ಕಾಯ್ದೆಯ 7ನೇ ಅನುಸೂಚಿಯಲ್ಲಿ ಐತಿಹಾಸಿಕ ಮಹತ್ವದ ಕಟ್ಟಡಗಳ ಪುನರುಜ್ಜೀವನ, ಸಾರ್ವಜನಿಕ ಗ್ರಂಥಾಲಯ ಎರಡೂ ಇವೆ. ಅರ್ಜಿಯಲ್ಲಿ ಆ ಅಂಶವನ್ನೇ ನೇರವಾಗಿ ಬರೆಯಿರಿ. ಟ್ರಸ್ಟ್ ಮೂಲಕ ಹಣ ಪಡೆಯುವುದಾದರೆ ಆ ಟ್ರಸ್ಟ್ ಸಿಎಸ್‌ಆರ್-1 ನೋಂದಣಿ ಮಾಡಿಸಿರಬೇಕು. ಸರ್ಕಾರಿ ಹಣ ಬಳಸಿದರೆ ಕೆಟಿಪಿಪಿ ಕಾಯ್ದೆ, ಅಂದರೆ ಸಾರ್ವಜನಿಕ ಖರೀದಿಯ ಪಾರದರ್ಶಕತೆ ಕಾಯ್ದೆಯಂತೆ ಟೆಂಡರ್ ನಿಯಮ ಅನ್ವಯಿಸುತ್ತದೆ. ಟೆಂಡರಿನಲ್ಲೇ ‘ಸುಣ್ಣದ ಕೆಲಸದ ಅನುಭವ ಇರಬೇಕು, ಮೊದಲು ಒಂದು ಚದರ ಮೀಟರ್ ಮಾದರಿ ಮಾಡಿ ತೋರಿಸಬೇಕು’ ಎಂಬ ಷರತ್ತು ಸೇರಿಸಿ.

ದಾನಿಗಳ ಹಣ ಬಂದರೆ ಎಲ್ಲರ ಹೆಸರಿಗೂ ಒಂದೇ ಫಲಕ, ಅದೂ ಆವರಣದಲ್ಲಿ. ಗೋಡೆಗೆ ಒಬ್ಬೊಬ್ಬರದೊಂದು ಗ್ರಾನೈಟ್ ಕಲ್ಲು ಬಡಿಯುವುದು ಬೇಡ. ಸ್ವಾಗತ ಕಮಾನಿಗೆ, ವಿಟ್ರಿಫೈಡ್ ಟೈಲ್ಸಿಗೆ ಹಣ ಕೊಡುತ್ತೇವೆ ಅನ್ನುವವರು ತುಂಬ ಜನ ಸಿಗುತ್ತಾರೆ. ಚರಂಡಿಗೆ ಕೊಡುವವರು ಸಿಗುವುದು ಕಷ್ಟ. ಅವರಿಗೆ ಮುಂದಿನ ಹಂತ ಓದಿ ಹೇಳಿ.

ಹಂತ 6: ಮೊದಲ ಕೆಲಸ ನೀರಿನದ್ದು

ಹಳೆ ಗೋಡೆಯ ಶತ್ರು ನೀರು. ನೂರು ವರ್ಷದಲ್ಲಿ ಸುತ್ತಲಿನ ನೆಲ ಏರುತ್ತಾ ಬಂದಿರುತ್ತದೆ. ರಸ್ತೆ ಎತ್ತರ ಆಗಿದೆ, ಮೈದಾನಕ್ಕೆ ಮಣ್ಣು ತುಂಬಿದ್ದಾರೆ, ಜಗಲಿಯ ಮೂರು ಮೆಟ್ಟಿಲಲ್ಲಿ ಒಂದು ಮಾತ್ರ ಕಾಣುತ್ತದೆ. ಆ ಮಣ್ಣಿನ ತೇವ ಗೋಡೆಗೆ ಹತ್ತುತ್ತದೆ. ಗೋಡೆಯ ಕೆಳಗಿನ ಮೂರು ನಾಲ್ಕು ಅಡಿ ಬಣ್ಣ ಉದುರಿ, ಬಿಳಿ ಉಪ್ಪಿನ ಪುಡಿ ಕಾಣಿಸಿದರೆ ಕಾರಣ ಬಹುತೇಕ ಇದೇ.

ಸುತ್ತಲಿನ ಮಣ್ಣು ತೆಗೆದು ನೆಲವನ್ನು ಮೊದಲಿನ ಮಟ್ಟಕ್ಕೆ ಇಳಿಸಿ. ಪಾಯದ ಕಲ್ಲು ಬಯಲಾಗುವಷ್ಟು ಅಗೆಯಬೇಡಿ. ಮಾಡಿನ ನೀರು ಬೀಳುವ ಸಾಲಿನಿಂದ ಹೊರಕ್ಕೆ ಇಳಿಜಾರು ಕೊಟ್ಟು ಚರಂಡಿ ಮಾಡಿ, ನೀರನ್ನು ಆವರಣದಿಂದಾಚೆ ಅಥವಾ ಇಂಗುಗುಂಡಿಗೆ ಬಿಡಿ. ಇಂಗುಗುಂಡಿ ಗೋಡೆಯಿಂದ ದೂರ ಇರಲಿ. ಗೋಡೆಗೆ ತಾಗುವಂತೆ ಕಾಂಕ್ರೀಟ್ ಅಥವಾ ಇಂಟರ್‌ಲಾಕ್ ಹಾಕಬೇಡಿ. ನೆಲದಿಂದ ಆವಿಯಾಗಬೇಕಾದ ತೇವಕ್ಕೆ ಆಗ ಗೋಡೆಯೊಂದೇ ದಾರಿ. ಗೋಡೆ ಪಕ್ಕ ಜಲ್ಲಿ ಹರಡಿದರೆ ಸಾಕು.

ಗೋಡೆಯಲ್ಲಿ ಹುಟ್ಟಿದ ಅರಳಿ, ಆಲ, ಅತ್ತಿ ಗಿಡಗಳನ್ನು ಕೈಯಲ್ಲಿ ಹಿಡಿದು ಎಳೆಯಬೇಡಿ, ಕಲ್ಲೂ ಜೊತೆಗೆ ಬರುತ್ತದೆ. ಕಾಂಡ ಕತ್ತರಿಸಿ, ಬೇರು ಪೂರ್ತಿ ಸತ್ತ ಮೇಲೆ ಬಿಡಿಸಿ, ಸಂದಿಗೆ ಗಾರೆ ತುಂಬಿ.

ಹಂತ 7: ಮಾಡು

ಮಾಡಿನ ಕೆಲಸಕ್ಕೆ ಜನವರಿಯಿಂದ ಏಪ್ರಿಲ್ ಒಳ್ಳೆ ಕಾಲ. ಇಡೀ ಮಾಡನ್ನು ಒಮ್ಮೆಲೇ ಬಿಚ್ಚಬೇಡಿ. ಗೋಡೆಗಳ ತಲೆಯನ್ನು ಹಿಡಿದಿಟ್ಟಿರುವುದು ಆ ಮರದ ಚೌಕಟ್ಟೇ. ಒಂದು ಅಂಕಣ, ಅಂದರೆ ಎರಡು ತೊಲೆಗಳ ನಡುವಿನ ಭಾಗ ಬಿಚ್ಚಿ, ಸರಿ ಮಾಡಿ, ಮುಚ್ಚಿ, ಮುಂದಿನದಕ್ಕೆ ಹೋಗಿ. ಕೆಲಸ ನಡೆಯುವಾಗಲೇ ಕಟ್ಟಡ ಅತಿ ದುರ್ಬಲ. 2016ರ ಆಗಸ್ಟ್‌ನಲ್ಲಿ ಮೈಸೂರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದಾಗ ಅಲ್ಲಿ ನವೀಕರಣವೇ ನಡೆಯುತ್ತಿತ್ತು. ಆಧಾರ ಕಂಬಗಳಿಲ್ಲದೆ ತೊಲೆಗೆ ಕೈ ಹಚ್ಚಬೇಡಿ. ಟಾರ್ಪಾಲು ಸಿದ್ಧ ಇರಲಿ, ಬೇಸಿಗೆ ಮಳೆ ಹೇಳಿ ಕೇಳಿ ಬರುವುದಿಲ್ಲ.

ಪ್ರತಿ ತೊಲೆ, ಹೆಂಚಿನ ಭಾರ ಹೊರುವ ಪ್ರತಿ ಪಕ್ಕಾಸನ್ನೂ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಸುಲಭವಾಗಿ ಒಳಗೆ ಹೋದರೆ ಗೆದ್ದಲು ಅಥವಾ ಕೊಳೆತ. ಸಾಮಾನ್ಯವಾಗಿ ಹಾಳಾಗಿರುವುದು ಗೋಡೆಯೊಳಗೆ ಕೂತ ತುದಿ ಮಾತ್ರ, ನಡುವಿನ ಮರ ಇನ್ನೂ ಗಟ್ಟಿ ಇರುತ್ತದೆ. ತುದಿ ಕತ್ತರಿಸಿ, ಅದೇ ಜಾತಿಯ ಒಣಗಿದ ಮರ ಜೋಡಿಸಿ, ಬೋಲ್ಟು ಮತ್ತು ಉಕ್ಕಿನ ಪಟ್ಟಿಯಿಂದ ಬಿಗಿಯಬಹುದು. ತೇಗ, ಹೊನ್ನೆ, ಮತ್ತಿಯ ಹಳೆ ಮರಕ್ಕೆ ಸಮನಾದ ಮರ ಇವತ್ತು ಪೇಟೆಯಲ್ಲಿ ಸಿಗುವುದು ಕಷ್ಟ. ಕೆಳಗಿಳಿಸಿದ ಪ್ರತಿ ತುಂಡಿನ ಪಟ್ಟಿ ಇರಲಿ, ಅದು ಸರ್ಕಾರಿ ಆಸ್ತಿ. ಪಟ್ಟಿ ಇಲ್ಲದ ಮರ ರಾತ್ರೋರಾತ್ರಿ ಕಾಣೆಯಾಗುತ್ತದೆ.

ಇನ್ನು ಹೆಂಚು. ಒಂದು ಚದರ ಮೀಟರಿಗೆ ಸುಮಾರು 15 ಮಂಗಳೂರು ಹೆಂಚು ಬೇಕು. ಬಿಚ್ಚುವಾಗ ಒಂದಷ್ಟು ಒಡೆಯುತ್ತವೆ. ಹೊಸದು ತರುವಾಗ ಹಳೆ ಹೆಂಚಿನ ಮುದ್ರೆ, ಅಳತೆ ತೆಗೆದುಕೊಂಡು ಹೋಗಿ. ಬೇರೆ ಬೇರೆ ಕಾರ್ಖಾನೆಯ ಅಚ್ಚು ಬೇರೆ. ಒಂದರ ಅಂಚಿನ ತೋಡಿಗೆ ಇನ್ನೊಂದು ಕೂರುವುದಿಲ್ಲ, ಅಲ್ಲೇ ಸೋರುತ್ತದೆ. ಹೊಂದುವ ಹೆಂಚು ಸಾಲದಿದ್ದರೆ ಹಳೆಯದನ್ನೆಲ್ಲ ಒಂದು ಇಳಿಜಾರಿಗೆ, ಹೊಸದನ್ನು ಇನ್ನೊಂದಕ್ಕೆ ಹಾಕಿ. ಬೆಳಕಿಗೆ ಅಲ್ಲಲ್ಲಿ ಗಾಜಿನ ಹೆಂಚು ಸಾಕು.

ಕೋತಿ ಕಾಟ ಇರುವ ಊರಲ್ಲಿ ‘ಹೆಂಚು ಬೇಡ, ಶೀಟು ಹಾಕಿ’ ಎನ್ನುವ ಒತ್ತಾಯ ಬರುತ್ತದೆ. ಕಷ್ಟ ನಿಜ. ಆದರೆ ಬರೀ ತಗಡಿನ ಕೆಳಗೆ ಬೇಸಿಗೆಯಲ್ಲಿ ಕೂತು ಓದಲು ಆಗುವುದಿಲ್ಲ, ಮಳೆಗಾಲದಲ್ಲಿ ಮಾತು ಕೇಳಿಸುವುದಿಲ್ಲ. ಮಾಡಿನ ಮೇಲೆ ಚಾಚಿದ ಕೊಂಬೆಗಳನ್ನು ಕತ್ತರಿಸಿ. ಹೆಂಚಿನ ಕೆಳಗೆ ಸೀಲಿಂಗ್ ಹೆಂಚು ಅಥವಾ ಗಟ್ಟಿ ತಂತಿ ಬಲೆ ಹಾಕಿದರೆ ಒಡೆದ ಚೂರು ಓದುವವರ ತಲೆ ಮೇಲೆ ಬೀಳುವುದಿಲ್ಲ.

ಮಾಡಿನ ಮೇಲೆ ಹಳೆ ಕಲ್ನಾರು (ಆಸ್ಬೆಸ್ಟಾಸ್) ಶೀಟು ಇದ್ದರೆ ಅದನ್ನು ಒಡೆಯುವುದು, ಗರಗಸ ಹಾಕುವುದು ಬೇಡವೇ ಬೇಡ. ಅದರ ದೂಳು ಶ್ವಾಸಕೋಶಕ್ಕೆ ಅಪಾಯ. ನೀರಿನಿಂದ ತೋಯಿಸಿ, ಮಾಸ್ಕ್ ಹಾಕಿಕೊಂಡು, ಇಡಿಯಾಗಿ ಇಳಿಸಿ. ಆ ದಿನ ಮಕ್ಕಳು ಆವರಣದಲ್ಲಿ ಇರಬಾರದು.

ಮದ್ರಾಸ್ ತಾರಸಿ ಸೋರಿದರೆ ಮೇಲೆ ಕಾಂಕ್ರೀಟ್ ಸುರಿಯುವ ಅಭ್ಯಾಸ ಇದೆ. ಅದು ಜಂತೆಗೆ ಹೆಚ್ಚುವರಿ ಭಾರ. ಮೇಲ್ಪದರ ತೆಗೆದು ಸುಣ್ಣದ ಗಾರೆಯಲ್ಲೇ ಮತ್ತೆ ಕಟ್ಟಿ, ನೀರು ಹೋಗಲು ಇಳಿಜಾರು ಸರಿ ಮಾಡಿ.

ಹಂತ 8: ಗೋಡೆ, ಗಾರೆ, ಸುಣ್ಣ

ಮೊದಲು ಗೋಡೆ ಯಾವುದರಲ್ಲಿ ಕಟ್ಟಿದ್ದು ನೋಡಿ. ಸಂದಿಯನ್ನು ಮೊಳೆಯಿಂದ ಕೆರೆಯಿರಿ. ಬೆಳ್ಳಗೆ ಪುಡಿಯಾದರೆ ಸುಣ್ಣ, ಕೆಂಪಗೆ ಮೆತ್ತಗಿದ್ದರೆ ಮಣ್ಣು, ಬೂದು ಬಣ್ಣದ ಗಟ್ಟಿಯಾಗಿದ್ದರೆ ಆಮೇಲೆ ಯಾರೋ ತುಂಬಿದ ಸಿಮೆಂಟು. ಹೊರಗೆ ಸುಣ್ಣ, ಒಳಗೆ ಮಣ್ಣು ಇರುವ ಗೋಡೆಗಳೂ ಇವೆ.

ಸುಣ್ಣದ ಗೋಡೆ ತೇವವನ್ನು ಹೀರಿ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ಮೆತ್ತಗಿನ ಮುರಕಲ್ಲು, ಹಳೆ ಇಟ್ಟಿಗೆ ಒಳಗಿಂದಲೇ ಕರಗುತ್ತವೆ. ಹೊರಗೆ ನೋಡಿದರೆ ಗೋಡೆ ಚೆಂದ, ಬಡಿದರೆ ಟೊಳ್ಳು. ಸಿಮೆಂಟು ಟೊಳ್ಳಾಗಿರುವ ಕಡೆ ಉಳಿಯಿಂದ ಮೆಲ್ಲಗೆ ತೆಗೆಯಿರಿ. ಗಟ್ಟಿಯಾಗಿ ಅಂಟಿರುವ ಕಡೆ ಬ್ರೇಕರ್ ಹಚ್ಚಿ ಕಲ್ಲು ಕೀಳುವುದಕ್ಕಿಂತ ಸದ್ಯಕ್ಕೆ ಬಿಡುವುದೇ ವಾಸಿ. ಮೊದಲು ಕೆಳಗಿನ ತೇವದ ಭಾಗವನ್ನು ಬಿಡಿಸಿ, ಗೋಡೆ ಒಣಗಲು ಬಿಡಿ.

ಗಾರೆಗೆ ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಬೇಕು. ನೀರಿಗೆ ಸುಣ್ಣ ಹಾಕಿ, ಸುಣ್ಣದ ಮೇಲೆ ನೀರು ಸುರಿಯಬೇಡಿ, ಸಿಡಿಯುತ್ತದೆ. ಕುದಿಯುವ ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗಬಹುದು. ಕನ್ನಡಕ, ಕೈಗವಸು ಕಡ್ಡಾಯ, ಗುಂಡಿಯ ಸುತ್ತ ಬೇಲಿ ಕಡ್ಡಾಯ. ಅರಳಿದ ಸುಣ್ಣವನ್ನು ನೀರಿನಡಿ ಕನಿಷ್ಠ ಎರಡು ವಾರ ಮಾಗಲು ಬಿಡಿ. ಆಮೇಲೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಸಾಮಾನ್ಯ ಲೆಕ್ಕ. ಮರಳಿನ ಒಂದು ಪಾಲಿನ ಬದಲು ಸುರ್ಕಿ, ಅಂದರೆ ಇಟ್ಟಿಗೆ ಪುಡಿ ಸೇರಿಸಿದರೆ ತೇವದ ಜಾಗದಲ್ಲೂ ಗಟ್ಟಿಯಾಗುತ್ತದೆ. ಹಳೆ ಮೇಸ್ತ್ರಿಗಳು ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುತ್ತಿದ್ದರು. ಪ್ರಮಾಣ ಗೊತ್ತಿರುವ ಮೇಸ್ತ್ರಿ ಇದ್ದರೆ ಮಾತ್ರ ಹಾಕಿ. ಇಂಥ ಮೇಸ್ತ್ರಿ ಬೇಕಿದ್ದರೆ ಹತ್ತಿರದ ಹಳೆ ದೇವಸ್ಥಾನ, ಗುತ್ತಿನ ಮನೆ, ವಾಡೆಗಳ ರಿಪೇರಿ ಯಾರು ಮಾಡಿದರು ಅಂತ ವಿಚಾರಿಸಿ.

ಗಿಲಾವು ತೆಳು ಪದರಗಳಲ್ಲಿರಲಿ, ಒಂದು ಪದರ ಒಂದು ಸೆಂಟಿಮೀಟರಿನಷ್ಟು. ಒದ್ದೆ ಗೋಣಿ ಕಟ್ಟಿ ಕನಿಷ್ಠ ಒಂದು ವಾರ ಬಿಸಿಲಿನಿಂದ ಕಾಪಾಡಿ. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್‌ನಿಂದ, ಅದೂ ನಿಧಾನವಾಗಿ. ಗುತ್ತಿಗೆದಾರರು ‘ಸೆಟ್ ಆಗ್ತಿಲ್ಲ ಸಾರ್, ಸ್ವಲ್ಪ ಸಿಮೆಂಟ್ ಸೇರಿಸೋಣ’ ಅನ್ನುವುದು ಈ ಹಂತದಲ್ಲೇ. ಒಪ್ಪಬೇಡಿ. ಬಣ್ಣಕ್ಕೂ ಸುಣ್ಣವೇ ಸರಿ. ಪ್ಲಾಸ್ಟಿಕ್ ಎಮಲ್ಷನ್ ಹಚ್ಚಿದರೆ ಇಷ್ಟೂ ಕೆಲಸ ವ್ಯರ್ಥ. ಕಲ್ಲಿನ ಗೋಡೆಗೆ ಬಣ್ಣವೇ ಬೇಡ, ಬ್ರಷ್ಷು ನೀರು ಸಾಕು.

ಹಂತ 9: ಕರೆಂಟು, ಶೌಚಾಲಯ, ಇಳಿಜಾರು

ವೈರಿಂಗಿಗೆ ಗೋಡೆ ಕೊರೆಯಬೇಡಿ, ಪೈಪನ್ನು ಮೇಲೆಯೇ ಓಡಿಸಿ. ಮೇಲೆ ಮರವಿದೆ, ಹಾಗಾಗಿ ಹಳೆ ವೈರು ಪೂರ್ತಿ ತೆಗೆಸಿ. ಅರ್ಥಿಂಗ್ ಮತ್ತು ಸೋರುವ ಕರೆಂಟನ್ನು ತಕ್ಷಣ ಕಡಿಯುವ ಆರ್‌ಸಿಸಿಬಿ ಇರಲೇಬೇಕು. ಬೆಂಕಿ ನಂದಿಸುವ ಸಾಧನ ಬಾಗಿಲ ಹತ್ತಿರ.

ಶೌಚಾಲಯ ಹಳೆ ಕಟ್ಟಡದೊಳಗೆ ಬೇಡ, ಗೋಡೆಗೆ ಅಂಟಿಯೂ ಬೇಡ. ಸ್ವಲ್ಪ ದೂರದಲ್ಲಿ ಚಿಕ್ಕದಾಗಿ ಕಟ್ಟಿ.

ಗಾಲಿಕುರ್ಚಿಗೆ ಇಳಿಜಾರು ದಾರಿ ಬೇಕು. ಅಳತೆ 1ಕ್ಕೆ 12: ಜಗಲಿ ಒಂದೂವರೆ ಅಡಿ ಎತ್ತರ ಇದ್ದರೆ ದಾರಿ 18 ಅಡಿ ಉದ್ದ. ನಾಲ್ಕಡಿ ಉದ್ದದ ಕಡಿದಾದ ದಿಬ್ಬ ಕಟ್ಟಿ ‘ರ‍್ಯಾಂಪ್ ಆಯ್ತು’ ಎನ್ನುವುದನ್ನು ಎಲ್ಲೆಡೆ ನೋಡುತ್ತೇವೆ. ಅದರಲ್ಲಿ ಯಾರೂ ಹತ್ತಲಾರರು. ಮುಂಭಾಗದ ಮೆಟ್ಟಿಲು ಒಡೆಯದೆ ಪಕ್ಕದಿಂದ ಜಗಲಿಗೆ ಸೇರಿಸಿ, ಎರಡೂ ಬದಿ ಹಿಡಿಗಂಬಿ ಹಾಕಿ. ಕನಿಷ್ಠ ಒಂದು ಬಾಗಿಲು 90 ಸೆಂಟಿಮೀಟರ್ ಅಗಲ ಇರಬೇಕು. ಹಳೆ ಶಾಲೆಗಳಲ್ಲಿ ಎರಡು ರೆಕ್ಕೆಯ ಬಾಗಿಲು ಇರುತ್ತದೆ. ಎರಡೂ ತೆರೆದರೆ ಸಾಮಾನ್ಯವಾಗಿ ಸಾಕಾಗುತ್ತದೆ.

ಹಂತ 10: ತೆರೆದ ಮೇಲೆ

ಉದ್ಘಾಟನೆಗೆ ಮೊದಲೇ ನಿರ್ವಹಣಾ ಸಮಿತಿ ಮಾಡಿ. ಪಂಚಾಯಿತಿ, ಎಸ್‌ಡಿಎಂಸಿ, ಹಳೆ ವಿದ್ಯಾರ್ಥಿಗಳು, ದಿನವೂ ಕಟ್ಟಡ ಬಳಸುವ ಒಂದಿಬ್ಬರು ಅದರಲ್ಲಿರಲಿ. ಬೀಗದ ಕೈ ಇಬ್ಬರ ಹತ್ತಿರ ಇರಲಿ, ಅವರ ಹೆಸರು ಬಾಗಿಲಲ್ಲೇ ಬರೆದಿರಲಿ. ಒಟ್ಟು ಖರ್ಚಿನ ಒಂದು ಪಾಲನ್ನು ಮೊದಲೇ ತೆಗೆದು, ನಿರ್ವಹಣೆಗೆ ಅಂತ ಬ್ಯಾಂಕಿನಲ್ಲಿ ಇಡಿ. ಹೊಸ ಕಪಾಟಿಗೆ, ಹೊಸ ಪ್ರೊಜೆಕ್ಟರಿಗೆ ಅದನ್ನು ಮುಟ್ಟಬಾರದು ಅಂತ ಠರಾವು ಮಾಡಿ.

ಯಾವ ಕೋಣೆಯಲ್ಲಿ ಏನು ಮಾಡಿದ್ದೇವೆ, ಗಾರೆಯ ಪ್ರಮಾಣ ಎಷ್ಟು, ಹೆಂಚು ಎಲ್ಲಿಂದ ತಂದದ್ದು, ಮೇಸ್ತ್ರಿ ಯಾರು, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದು ಪಂಚಾಯಿತಿಯಲ್ಲೊಂದು, ಶಾಲೆಯಲ್ಲೊಂದು ಪ್ರತಿ ಇಡಿ. ಇಲ್ಲದಿದ್ದರೆ ಇಪ್ಪತ್ತು ವರ್ಷದ ನಂತರ ಬರುವವರು ಮತ್ತೆ ಸಿಮೆಂಟ್ ಮೂಟೆ ತರುತ್ತಾರೆ.

ವರ್ಷದ ಕೆಲಸ ಹೆಚ್ಚಿಲ್ಲ. ದೀಪಾವಳಿಯ ಹೊತ್ತಿಗೆ ಗೋಡೆಯ ಗಿಡಗಳನ್ನು ಹಂತ 6ರಲ್ಲಿ ಹೇಳಿದಂತೆ ತೆಗೆಸಿ, ಗೆದ್ದಲು ನೋಡಿ. ಎರಡು ವರ್ಷಕ್ಕೊಮ್ಮೆ ಸುಣ್ಣ ಹೊಡೆಸಿ. ಪ್ರತಿ ಬೇಸಿಗೆಯಲ್ಲಿ ಹೆಂಚು ಕೈಯಾಡಿಸಿ, ಒಡೆದದ್ದು ಬದಲಿಸಿ, ಮಾಡಿನ ನೀರು ಹರಿಯುವ ದೋಣಿಯ ಕಸ ತೆಗೆಸಿ, ಚರಂಡಿ ಬಿಡಿಸಿ. ಅದಕ್ಕೆ ಅಂತಲೇ ನೂರಿನ್ನೂರು ಹೆಚ್ಚುವರಿ ಹೆಂಚು ಜಗಲಿಯ ಮೂಲೆಯಲ್ಲಿ ನಿಲ್ಲಿಸಿಡಿ. ಮೇ ತಿಂಗಳ ಮಧ್ಯಕ್ಕೆ ಈ ಕೆಲಸ ಮುಗಿದಿರಬೇಕು. ಕರಾವಳಿ, ಮಲೆನಾಡಿನಲ್ಲಿ ಏಪ್ರಿಲ್ ಕೊನೆಗೇ ಮುಗಿಸಿಕೊಳ್ಳಿ.